ಬಾಡಿ ಸುಲಭ, ಕಾರು ಕಷ್ಟ: ಗ್ಯಾರೇಜಿನಲ್ಲಿ ಹುಟ್ಟಿದ ಫೈಬರ್‌ಗ್ಲಾಸ್ ಕಾರುಗಳ ಕತೆ

ಕಾರು ನಿಂತಿದೆ. ಪೇಂಟ್ ಮಿರಮಿರ ಹೊಳೆಯುತ್ತಿದೆ. ಬ್ಯಾಟರಿ ಹೊಸದು, ಬಲ್ಬು ಹೊಸದು, ವೈರಿಂಗ್ ಮೂರು ಸಲ ನೋಡಿದ್ದಾಗಿದೆ. ಸ್ವಿಚ್ ಒತ್ತಿದರೆ ಹೆಡ್‌ಲೈಟ್ ಹತ್ತುವುದಿಲ್ಲ. ಹಾರ್ನ್ ಒತ್ತಿದರೆ ಸದ್ದೇ ಇಲ್ಲ.

1950ರ ದಶಕದಲ್ಲಿ ಮನೆಯಲ್ಲೇ ಫೈಬರ್‌ಗ್ಲಾಸ್ ಕಾರು ಕಟ್ಟಲು ಹೊರಟವರಿಗೆ ಕಾದಿದ್ದ ತಮಾಷೆ ಇದು. ಮಾಮೂಲಿ ಕಾರಿನಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಹೋಗುವುದು ಒಂದೇ ವೈರು. ಕರೆಂಟು ವಾಪಸ್ ಬರುವ ದಾರಿ ಕಾರಿನ ತಗಡೇ. ಮೆಕ್ಯಾನಿಕ್‌ಗಳು ‘ಅರ್ತ್ ಸಿಗ್ತಿಲ್ಲ’ ಅನ್ನೋದು ಈ ವಾಪಸ್ ದಾರಿಯ ಬಗ್ಗೆಯೇ. ಫೈಬರ್‌ಗ್ಲಾಸಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಪ್ರತಿಯೊಂದು ಬಲ್ಬಿಗೂ, ಪ್ರತಿಯೊಂದು ಮೀಟರಿಗೂ ಚಾಸಿಯವರೆಗೆ, ಅಂದರೆ ಬಾಡಿಯ ಕೆಳಗಿನ ಲೋಹದ ಚೌಕಟ್ಟಿನವರೆಗೆ, ಇನ್ನೊಂದು ವೈರು ಎಳೆಯಬೇಕು. ತಗಡಿನ ಕಾರಿನ ಮೇಲೆ ಕೈ ಪಳಗಿದವರಿಗೆ ಇದು ಥಟ್ಟನೆ ಹೊಳೆಯುತ್ತಿರಲಿಲ್ಲ.

ಇದೊಂದು ಸಣ್ಣ ವಿಷಯ. ಆದರೆ ಈ ಕಾರುಗಳ ಕತೆಯೆಲ್ಲ ಹೀಗೇ ಇದೆ. ಕಷ್ಟ ಅಂದುಕೊಂಡಿದ್ದು ಸುಲಭವಾಯಿತು, ಸುಲಭ ಅಂದುಕೊಂಡಿದ್ದು ವರ್ಷಗಟ್ಟಲೆ ಕಾಡಿತು.

ಮೊದಲು ಈ ಫೈಬರ್‌ಗ್ಲಾಸ್ ಅಂದರೇನು ಅಂತ ನೋಡೋಣ. ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರು. ಬರೀ ಮಣ್ಣು ಒಣಗಿದರೆ ಬಿರಿಯುತ್ತದೆ, ಬರೀ ಹುಲ್ಲು ನಿಲ್ಲುವುದೇ ಇಲ್ಲ. ಎರಡೂ ಸೇರಿದರೆ ಗೋಡೆ. ಇಲ್ಲೂ ಅಷ್ಟೇ. ಹುಲ್ಲಿನ ಜಾಗದಲ್ಲಿ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳು. ಮಣ್ಣಿನ ಜಾಗದಲ್ಲಿ ಪಾಲಿಯೆಸ್ಟರ್ ರೆಸಿನ್, ಅಂದರೆ ಜೇನಿನಷ್ಟು ಮಂದವಾದ ಅಂಟು. ಗಾಜಿನ ಎಳೆ ಎಳೆತ ತಡೆಯುತ್ತದೆ, ರೆಸಿನ್ ಆ ಎಳೆಗಳನ್ನು ಅಲುಗಾಡದಂತೆ ಹಿಡಿದಿಡುತ್ತದೆ. ಮಲ್ಪೆ ಬಂದರಿನಲ್ಲಿ ಫೈಬರ್ ದೋಣಿ ನೋಡಿದ್ದರೆ ನಿಮಗೆ ಈ ವಸ್ತು ಗೊತ್ತು.

ಗಾಜಿನ ಎಳೆಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ವಿಧಾನ ಅಮೆರಿಕದ ಒಹಾಯೊದಲ್ಲಿ 1930ರ ದಶಕದಲ್ಲಿ ಕೈಗೆ ಬಂತು. ಓವೆನ್ಸ್-ಕಾರ್ನಿಂಗ್ ಕಂಪನಿ ಹುಟ್ಟಿದ್ದು ಅದರಿಂದಲೇ. ಅದಕ್ಕೆ ತಕ್ಕ ರೆಸಿನ್ ಸಿಕ್ಕಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ವಿಮಾನದ ರೇಡಾರ್ ಮುಚ್ಚುವ ಬುರುಡೆಗೆ ಲೋಹ ಬಳಸಿದರೆ ರೇಡಾರ್ ಕುರುಡಾಗುತ್ತದೆ. ಫೈಬರ್‌ಗ್ಲಾಸಿನ ಮೂಲಕ ಅಲೆಗಳು ಸರಾಗವಾಗಿ ದಾಟುತ್ತವೆ. ಯುದ್ಧ ಮುಗಿದಾಗ ಈ ವಸ್ತು, ಅದನ್ನು ಬಳಸಲು ಕಲಿತ ಕೈಗಳು ಎರಡೂ ಬಿಡುವಾದವು. ವಿಮಾನ ಕಾರ್ಖಾನೆಗಳು ಜಾಸ್ತಿ ಇದ್ದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಂತೂ ಎರಡಕ್ಕೂ ಬರವಿರಲಿಲ್ಲ. 1946ರಲ್ಲೇ ವಿಲಿಯಂ ಸ್ಟೌಟ್ ಎಂಬ ಎಂಜಿನಿಯರ್ ಓವೆನ್ಸ್-ಕಾರ್ನಿಂಗ್ ಜೊತೆ ಸೇರಿ ಪೂರ್ತಿ ಫೈಬರ್‌ಗ್ಲಾಸ್ ಬಾಡಿಯ ಕಾರು ಮಾಡಿ ತೋರಿಸಿದ್ದ. ಒಂದೇ ಒಂದು. ಅದು ಪ್ರಯೋಗವಾಗಿಯೇ ಉಳಿಯಿತು.

ಇದನ್ನು ಜನಸಾಮಾನ್ಯರ ಗ್ಯಾರೇಜಿಗೆ ತಂದಿದ್ದು ಎಂಜಿನಿಯರುಗಳಲ್ಲ, ದೋಣಿ ಮಾಡುವವರು.

ಅದಕ್ಕೆ ಮುಂಚೆ ಒಂದು ಲೆಕ್ಕ ಗೊತ್ತಿರಬೇಕು. ತಗಡಿನ ಬಾಡಿ ಯಾಕೆ ಮನೆಯಲ್ಲಿ ಆಗುವುದಿಲ್ಲ? ಕಾರ್ಖಾನೆಯಲ್ಲಿ ಒಂದು ಬಾನೆಟ್ ಆಗಬೇಕಾದರೆ ಉಕ್ಕಿನಲ್ಲಿ ಕೊರೆದ ಗಂಡು-ಹೆಣ್ಣು ಡೈ ಬೇಕು, ಅದರ ನಡುವೆ ತಗಡಿಟ್ಟು ಒತ್ತಲು ಮನೆಯಷ್ಟು ಎತ್ತರದ ಪ್ರೆಸ್ ಬೇಕು. ಒಂದೊಂದು ಭಾಗಕ್ಕೂ ಬೇರೆ ಬೇರೆ ಡೈ. ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಆ ಖರ್ಚು ಹುಟ್ಟುತ್ತದೆ. ಪ್ರೆಸ್ ಬೇಡ ಅಂದರೆ ಸುತ್ತಿಗೆ ಹಿಡಿದು ಅಲ್ಯೂಮಿನಿಯಂ ತಟ್ಟಿ ತಟ್ಟಿ ಬಾಗಿಸುವ ಕುಶಲಿ ಬೇಕು. ಇಟಲಿಯಲ್ಲಿ ಅಂಥವರಿದ್ದರು. ಅವರ ಕೂಲಿ ಕೊಡುವ ತಾಕತ್ತು ಎಲ್ಲರಿಗೂ ಇರಲಿಲ್ಲ.

ಫೈಬರ್‌ಗ್ಲಾಸಿಗೆ ಎರಡೂ ಬೇಡ. ಹಾರ್ಡ್‌ನರ್ ಎಂಬ ದ್ರವ ಬೆರೆಸಿದರೆ ರೆಸಿನ್ ಮಾಮೂಲಿ ಹವೆಯಲ್ಲೇ ಗಟ್ಟಿಯಾಗುತ್ತದೆ. ಒಲೆ ಬೇಡ, ಒತ್ತಡ ಬೇಡ. ಬೇಕಾದ್ದು ಒಂದು ಅಚ್ಚು, ಒಂದಿಷ್ಟು ಬ್ರಷ್ಷು, ಕಣ್ಣು ಉರಿಸುವ ವಾಸನೆ ತಡೆದುಕೊಳ್ಳುವ ಮೂಗು.

ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಬಿಲ್ ಟ್ರಿಟ್ ಎಂಬಾತ ಹೀಗೆ ಫೈಬರ್‌ಗ್ಲಾಸ್ ದೋಣಿ ಮಾಡುತ್ತಿದ್ದ. ಅವನ ಕಂಪನಿಯ ಹೆಸರು ಗ್ಲಾಸ್‌ಪಾರ್. ಅವನ ಪರಿಚಯದ ವಾಯುಪಡೆಯ ಮೇಜರ್ ಕೆನ್ ಬ್ರೂಕ್ಸ್ ಬಳಿ ಒಂದು ವಿಲ್ಲಿಸ್ ಜೀಪ್ ಇತ್ತು. ಆ ಜೀಪಿನ ರೂಪ ಮೇಜರರ ಹೆಂಡತಿಗೆ ಕಿಂಚಿತ್ತೂ ಇಷ್ಟವಾಗಲಿಲ್ಲ ಅನ್ನುತ್ತದೆ ಕತೆ. ದೋಣಿ ಮಾಡುವವನು ಕಾರಿನ ಬಾಡಿ ಯಾಕೆ ಮಾಡಬಾರದು ಅಂತ 1950ರಲ್ಲಿ ಇಬ್ಬರೂ ಕೂತು ಯೋಚಿಸಿದರು. ಟ್ರಿಟ್ ಚಿತ್ರ ಬರೆದ. ಆಗ ಎಲ್ಲರ ಕಣ್ಣಲ್ಲಿದ್ದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಜಾಗ್ವಾರ್ ಎಕ್ಸ್‌ಕೆ 120ರ ನೆರಳು ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಜೀಪಿನ ಚಾಸಿಯನ್ನು ತಿದ್ದಿ ಅದರ ಮೇಲೆ ಕೂರಿಸಿದ ಆ ಕಾರಿಗೆ ಬ್ರೂಕ್ಸ್ ಬಾಕ್ಸರ್ ಅಂತ ಹೆಸರಾಯಿತು.

1951ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನ ಮೋಟೋರಾಮಾ ಪ್ರದರ್ಶನದಲ್ಲಿ ಈ ಕಾರು ನಿಂತಾಗ ಪಕ್ಕದಲ್ಲಿ ಇನ್ನೂ ಮೂರು ಫೈಬರ್‌ಗ್ಲಾಸ್ ಕಾರುಗಳಿದ್ದವು. ಲ್ಯಾನ್ಸರ್, ಸ್ಕಾರ್ಪಿಯನ್, ವಾಸ್ಪ್. ಮೂರೂ ಬೇರೆ ಬೇರೆ ಜನ ಮಾಡಿದ್ದು. ಒಂದೇ ಹೊತ್ತಿಗೆ ಒಂದೇ ಯೋಚನೆ ಇಷ್ಟು ತಲೆಗಳಿಗೆ ಹೊಳೆದಿದೆ ಅಂದರೆ ಕಾಲ ಹಣ್ಣಾಗಿತ್ತು ಅಂತಲೇ ಅರ್ಥ. 1952ರ ಫೆಬ್ರವರಿಯಲ್ಲಿ ಲೈಫ್ ಪತ್ರಿಕೆ ಪ್ಲಾಸ್ಟಿಕ್ ಬಾಡಿಯ ಕಾರುಗಳ ಬಗ್ಗೆ ಫೋಟೋ ಸಮೇತ ಬರೆಯಿತು. ಗ್ಲಾಸ್‌ಪಾರ್ ತನ್ನ ಬಾಡಿಗೆ ಜಿ2 ಅಂತ ಹೆಸರಿಟ್ಟು 650 ಡಾಲರಿಗೆ ಮಾರಲು ನಿಂತಿತು. ಬಾಡಿ ಮಾತ್ರ. ಕಾರು ನಿಮ್ಮದು.

ಈಗ ಅಚ್ಚಿನ ವಿಷಯಕ್ಕೆ ಬರೋಣ. ಈ ಕತೆಯ ಜೀವ ಇರುವುದೇ ಅಲ್ಲಿ.

ಮೊದಲು ಕಾರಿನ ಆಕಾರವನ್ನು ಅದರ ನಿಜವಾದ ಅಳತೆಯಲ್ಲೇ ಮಾಡಬೇಕು. ಮರದ ಹಲಗೆಗಳನ್ನು ಕತ್ತರಿಸಿ ಪಕ್ಕೆಲುಬಿನ ಹಾಗೆ ನಿಲ್ಲಿಸುತ್ತಾರೆ. ಅದರ ಮೇಲೆ ತಂತಿ ಜಾಲರಿ ಹೊದಿಸಿ ಪ್ಲಾಸ್ಟರ್ ಮೆತ್ತುತ್ತಾರೆ. ಗಣಪತಿ ಮೂರ್ತಿ ಮಾಡುವವರಿಗೆ ಈ ಕೆಲಸ ಹೊಸದೇನಲ್ಲ. ಆಮೇಲೆ ಉಜ್ಜುವುದು. ಎಮರಿ ಪೇಪರ್ ಹಿಡಿದು ವಾರಗಟ್ಟಲೆ ಉಜ್ಜುವುದು. ಎಡ ಮಡ್‌ಗಾರ್ಡಿನ ಉಬ್ಬು ಬಲಕ್ಕೆ ಸರಿಯಾಗಬೇಕು. ಬರಿಗಣ್ಣಿಗೆ ಸರಿ ಕಂಡಿದ್ದು ಪೇಂಟ್ ಹೊಡೆದ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ. ಈ ಮೂಲ ಆಕಾರಕ್ಕೆ ಆ ಕಸುಬಿನವರು ಪ್ಲಗ್ ಅನ್ನುತ್ತಾರೆ. ಇದರಲ್ಲಿ ಒಂದು ಗೆರೆ ಸೊಟ್ಟಗಿದ್ದರೆ ಆಮೇಲೆ ಹುಟ್ಟುವ ಪ್ರತಿ ಕಾರಿನಲ್ಲೂ ಅದೇ ಗೆರೆ ಸೊಟ್ಟ.

ಪ್ಲಗ್ ಮೇಲೆ ಮೇಣ ಸವರಿ ಪಾಲಿಶ್ ಮಾಡುತ್ತಾರೆ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಅಂದುಕೊಳ್ಳಿ. ಮರೆತರೆ ಕೆರೆದು ತೆಗೆಯುವ ಪ್ರಶ್ನೆಯೇ ಇಲ್ಲ, ಪ್ಲಗ್ ಅಚ್ಚು ಎರಡೂ ಒಂದೇ ಬಂಡೆ. ಅದರ ಮೇಲೆ ರೆಸಿನ್, ಗಾಜಿನ ಚಾಪೆ, ಮತ್ತೆ ರೆಸಿನ್, ಮತ್ತೆ ಚಾಪೆ. ಹಿಂಬದಿಗೆ ಮರದ್ದೋ ಕಬ್ಬಿಣದ್ದೋ ಆಸರೆ. ಗಟ್ಟಿಯಾದ ಮೇಲೆ ಬಿಡಿಸಿದರೆ ಅಚ್ಚು ಸಿದ್ಧ.

ಆದರೆ ಬಿಡಿಸುವುದೇ ಸವಾಲು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದ್ದೀರಾ? ಮರದ ಅಚ್ಚಿನ ಎರಡು ಮೂರು ತುಂಡುಗಳನ್ನು ಜೋಡಿಸಿ, ದಾರವೋ ರಬ್ಬರ್ ಬ್ಯಾಂಡೋ ಸುತ್ತಿ, ಬಿಸಿ ಪಾಕ ಹುಯ್ಯುತ್ತೇವೆ. ತುಂಡುಗಳಾಗಿ ಯಾಕೆ ಇರಬೇಕು? ನವಿಲಿನ ಕತ್ತು ಒಳಗೆ ಬಾಗಿರುತ್ತದೆ. ಅಚ್ಚು ಒಂದೇ ತುಂಡಾಗಿದ್ದರೆ ಕತ್ತು ಸಿಕ್ಕಿಕೊಂಡು ಮುರಿಯುತ್ತದೆ. ಕಾರಿಗೂ ಅಂಥ ಒಳಬಾಗುಗಳಿವೆ. ಬಾಗಿಲ ಕೆಳಗೆ ಒಳಕ್ಕೆ ಮಡಿಚಿಕೊಂಡ ಅಂಚು, ಚಕ್ರದ ಕಮಾನು, ಮೂತಿಯ ಕೆಳಭಾಗ. ಅಲ್ಲೆಲ್ಲ ಅಚ್ಚನ್ನು ತುಂಡು ಮಾಡಿ ಬೋಲ್ಟು ಹಾಕಿ ಸೇರಿಸುತ್ತಾರೆ. ಸಕ್ಕರೆ ನವಿಲಿನ ಮೈಮೇಲೆ ಎರಡು ತುಂಡು ಸೇರಿದಲ್ಲಿ ಸಣ್ಣ ಗೆರೆ ಇರುತ್ತದಲ್ವಾ, ಅದೇ ಗೆರೆ ಹೊಸ ಕಾರಿನ ಬಾಡಿ ಮೇಲೂ ಇರುತ್ತದೆ. ಅದನ್ನು ಉಜ್ಜಿ ತೆಗೆಯುವುದು ಕೊಂಡವನ ಕೆಲಸ.

ಅಚ್ಚಾದ ಮೇಲೆ ಬಾಡಿ ಮಾಡುವುದು ಅದೇ ಕೆಲಸದ ಉಲ್ಟಾ. ಅಚ್ಚಿನ ಒಳಗೆ ಮೊದಲು ಜೆಲ್ ಕೋಟ್, ಅಂದರೆ ಎಳೆ ಇಲ್ಲದ ಬರೀ ರೆಸಿನ್ನಿನ ಪದರ. ಹೊರಗೆ ನುಣುಪಾಗಿ ಕಾಣುವುದು ಇದೇ. ಆಮೇಲೆ ಚಾಪೆ, ರೆಸಿನ್, ಚಾಪೆ. ಪ್ರತಿ ಪದರದಲ್ಲೂ ರೋಲರ್ ಉಜ್ಜಿ ಗಾಳಿಗುಳ್ಳೆ ಓಡಿಸಬೇಕು. ಗುಳ್ಳೆ ಉಳಿದರೆ ಬಿಸಿಲಲ್ಲಿ ಒಂದು ದಿನ ಅದು ಪೇಂಟ್ ಎತ್ತಿಕೊಂಡು ಮೇಲೇಳುತ್ತದೆ.

ರೆಸಿನ್ ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸಬೇಕು, ನೂರಕ್ಕೆ ಒಂದೋ ಎರಡೋ ಪಾಲು. ಬೆರೆಸಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸಮಯ. ನಾನು ಒಮ್ಮೆ ಹಳೇ ಬೈಕಿನ ಒಡೆದ ಫೈಬರ್ ಮಡ್‌ಗಾರ್ಡ್ ಸರಿಮಾಡಲು ಹೋಗಿದ್ದೆ. ಡಿಸೆಂಬರಿನ ಚಳಿ. ಬೇಗ ಗಟ್ಟಿಯಾಗಲಿ ಅಂತ ಸುಮ್ನೆ ಇನ್ನೊಂದಿಷ್ಟು ಹನಿ ಹಾಕಿದೆ. ಬ್ರಷ್ ಹುಡುಕಿ ಬರುವಷ್ಟರಲ್ಲಿ ಮಗ್‌ನಿಂದ ಹೊಗೆ ಏಳುತ್ತಿತ್ತು. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಆ ಬಿಸಿಗೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನೂ ಬಿಸಿ. ತೆಳುವಾಗಿ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮಗ್‌ನಲ್ಲಿ ರಾಶಿಯಾಗಿದ್ದರೆ ಹೋಗುವ ದಾರಿ ಇಲ್ಲ. ಪ್ಲಾಸ್ಟಿಕ್ ಮಗ್‌ನ ತಳ ಕರಗಿ ಕಲ್ಲಿನ ಮೇಲೆ ಕೂತಿತ್ತು. ಮಡ್‌ಗಾರ್ಡ್ ಮಾತ್ರ ಹಾಗೇ ಒಡೆದುಕೊಂಡಿತ್ತು. ಆಮೇಲೆ ಎರಡು ದಿನ ಮೊಣಕೈವರೆಗೂ ತುರಿಕೆ, ಗಾಜಿನ ಪುಡಿಯದ್ದು.

ನನ್ನ ಪೆದ್ದುತನ ಬಿಡಿ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಹಾರ್ಡ್‌ನರ್ ಜೊತೆಗೆ ಕೋಬಾಲ್ಟ್ ಎಂಬ ವೇಗವರ್ಧಕವನ್ನೂ ರೆಸಿನ್ನಿಗೆ ಸೇರಿಸುತ್ತಾರೆ. ಒಂದನ್ನು ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು ಹಾಕಬೇಕು. ಎರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮನೆಯ ಗ್ಯಾರೇಜಿನಲ್ಲಿ, ಪಕ್ಕದಲ್ಲೇ ಪೆಟ್ರೋಲ್ ಡಬ್ಬ ಇಟ್ಟುಕೊಂಡು ಜನ ಈ ಕೆಲಸ ಮಾಡುತ್ತಿದ್ದರು.

ಸರಿ, ಬಾಡಿ ಬಂತು. ಇಬ್ಬರು ಮೂವರು ಸೇರಿ ಎತ್ತಿ ಲಾರಿಯಿಂದ ಇಳಿಸಿದರು. ನೋಡಲು ಅರ್ಧ ಕಾರೇ ಆಗಿಹೋದ ಹಾಗಿದೆ. ಕೊಂಡವನ ಖುಷಿ ಅಲ್ಲಿಗೆ ಮುಗಿಯಿತು.

ಯಾಕೆಂದರೆ ಅದು ಬರೀ ಚಿಪ್ಪು. ಎಷ್ಟೋ ಬಾಡಿಗಳಲ್ಲಿ ಬಾಗಿಲನ್ನೇ ಕತ್ತರಿಸಿರುತ್ತಿರಲಿಲ್ಲ. ಬಾಗಿಲ ಗೆರೆ ಮಾತ್ರ. ಗರಗಸ ಹಿಡಿದು ನೀವೇ ಕೊಯ್ಯಬೇಕು. ಕೊಯ್ದ ತಕ್ಷಣ ಬಾಡಿ ಅಲ್ಲಿ ಜೋಲುತ್ತದೆ, ಬಾಗಿಲು ಮತ್ತೆ ಆ ಜಾಗಕ್ಕೆ ಕೂರುವುದಿಲ್ಲ. ಹಾಗಾಗಿ ಮೊದಲು ಒಳಗೆ ಕಬ್ಬಿಣದ ಪೈಪು ಕೂರಿಸಿ, ಅದನ್ನು ಫೈಬರ್ ಪಟ್ಟಿಯಿಂದ ಅಂಟಿಸಿ, ಆಮೇಲೆ ಕೊಯ್ಯಬೇಕು. ಇದು ಗೊತ್ತಾಗುತ್ತಿದ್ದದ್ದು ಒಂದು ಬಾಗಿಲು ಹಾಳಾದ ಮೇಲೆ. ಹಿಂಜಿಗೆ ನೇರವಾಗಿ ಫೈಬರ್‌ಗ್ಲಾಸಿಗೆ ಸ್ಕ್ರೂ ಹಾಕಿದರೆ ನಾಲ್ಕು ಸಲ ಬಾಗಿಲು ತೆಗೆದು ಹಾಕುವಷ್ಟರಲ್ಲಿ ಸುತ್ತ ಜೇಡರ ಬಲೆಯಂತೆ ಬಿರುಕು. ಈ ವಸ್ತು ಹರಡಿದ ಭಾರವನ್ನು ಚೆನ್ನಾಗಿ ಹೊರುತ್ತದೆ. ಒಂದೇ ಬಿಂದುವಿನಲ್ಲಿ ಎಳೆದರೆ ತಡೆಯುವುದಿಲ್ಲ.

ಇನ್ನು ಚಾಸಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಗುಜರಿಯಿಂದ ತಂದ ಹಳೆ ಫೋರ್ಡ್. ಅದರ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಸೋವಿ, ಬಿಡಿಭಾಗ ಎಲ್ಲೆಡೆ ಸಿಗುತ್ತಿತ್ತು. ಆದರೆ ಅದು ಸಂಸಾರದ ಕಾರಿನ ಚಾಸಿ. ಸ್ಪೋರ್ಟ್ಸ್ ಕಾರಿಗೆ ಉದ್ದ ಜಾಸ್ತಿ. ಕತ್ತರಿಸಿ ಗಿಡ್ಡ ಮಾಡಿ ವೆಲ್ಡಿಂಗ್ ಮಾಡಬೇಕು. ಬಾಡಿ ತಗ್ಗು, ಹಾಗಾಗಿ ಎಂಜಿನ್ನನ್ನು ಹಿಂದಕ್ಕೆ ತಳ್ಳಬೇಕು. ತಳ್ಳಿದರೆ ಸ್ಟೀರಿಂಗ್ ರಾಡು ಅಡ್ಡ ಬರುತ್ತದೆ. ಅದನ್ನು ಸರಿಸಿದರೆ ಪೆಡಲ್ ಕಾಲಿಗೆ ಸಿಗುವುದಿಲ್ಲ. ಆಮೇಲೆ ರೇಡಿಯೇಟರ್, ಪೆಟ್ರೋಲ್ ಟ್ಯಾಂಕ್, ವೈಪರ್, ಸೀಟು, ಮುಂದಿನ ಗಾಜು. ಗಾಜಂತೂ ದೊಡ್ಡ ತಲೆನೋವು. ಬಾಗಿದ ಗಾಜನ್ನು ಮನೆಯಲ್ಲಿ ಮಾಡಲಾಗುವುದಿಲ್ಲ. ಯಾವುದೋ ಕಾರಿನ ಗಾಜಿಗೆ ಒಗ್ಗುವಂತೆ ಬಾಡಿಯನ್ನೇ ತಿದ್ದಬೇಕು. ಮಳೆ ಬಂದರೆ ನೀರು ಎಲ್ಲಿಂದ ಸೋರುತ್ತದೆ ಅಂತ ಹುಡುಕುವುದು ಇನ್ನೊಂದು ಅಧ್ಯಾಯ.

ಜಾಹೀರಾತಿನಲ್ಲಿ ಇದ್ದದ್ದು ಬಾಡಿಯ ಫೋಟೋ. ನಡೆದಿದ್ದು ಇದು. ಎಷ್ಟೋ ಬಾಡಿಗಳು ಗ್ಯಾರೇಜಿನ ಮೂಲೆಯಲ್ಲೇ ಉಳಿದವು. ಮಕ್ಕಳು ದೊಡ್ಡವರಾದರು, ಮೇಲೆ ಹಳೆ ಪೆಟ್ಟಿಗೆಗಳು ಬಿದ್ದವು.

ಈ ಒಳಸುಳಿ ಅರ್ಥಮಾಡಿಕೊಂಡ ಒಬ್ಬ ಜಾಣನಿದ್ದ, ಬಿಲ್ ಡೆವಿನ್. ಒಕ್ಲಹೋಮಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾಗೆ ಬಂದು ರೇಸು ಓಡಿಸುತ್ತಿದ್ದ. ಜನರ ಚಾಸಿ ಒಂದೊಂದು ಅಳತೆಯದ್ದು, ನಮ್ಮ ಬಾಡಿ ಒಂದೇ ಅಳತೆ, ತೊಂದರೆ ಇರುವುದೇ ಇಲ್ಲಿ ಅನ್ನುವುದು ಅವನಿಗೆ ಹೊಳೆಯಿತು. ಅವನು ಅಚ್ಚನ್ನು ಮೂತಿ, ನಡು, ಬಾಲ ಅಂತ ಬಹಳ ತುಂಡುಗಳಾಗಿ ಮಾಡಿದ. ಉದ್ದ ಬೇಕಾದರೆ ಉದ್ದದ ತುಂಡು, ಅಗಲ ಬೇಕಾದರೆ ಅಗಲದ ತುಂಡು. ಜೋಡಿಸಿದರೆ 27 ಅಳತೆಯ ಬಾಡಿಗಳು ಹುಟ್ಟುತ್ತಿದ್ದವು. ಪುಟ್ಟ ಕ್ರಾಸ್ಲಿ ಕಾರಿನಿಂದ ಹಿಡಿದು ದೊಡ್ಡ ವಿ8 ಹೊತ್ತ ಚಾಸಿಯವರೆಗೆ ಯಾವುದಕ್ಕಾದರೂ ಒಂದು ಒಪ್ಪುತ್ತಿತ್ತು. ಬೆಲೆ 295 ಡಾಲರ್. ಟ್ರಿಟ್‌ನ ಜಿ2 ಬೆಲೆಯ ಅರ್ಧಕ್ಕೂ ಕಡಿಮೆ. ನನ್ನ ಕೇಳಿದರೆ ಇಡೀ ಕತೆಯಲ್ಲಿ ಅತಿ ಚುರುಕಾದ ತಲೆ ಇವನದೇ.

ಹಾಗಿದ್ದ ಡೆವಿನ್‌ಗೂ ಪೂರ್ತಿ ಕಾರು ಒಲಿಯಲಿಲ್ಲ. 1958ರ ಹೊತ್ತಿಗೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಿಂದ ಚಾಸಿ ತರಿಸಿ, ಶೆವರ್ಲೆ ಕಂಪನಿಯ ಕಾರ್ವೆಟ್ ಕಾರಿನ ಎಂಜಿನ್ ಕೂರಿಸಿ, ಡೆವಿನ್ ಎಸ್‌ಎಸ್ ಅಂತ ಸಿದ್ಧ ಕಾರನ್ನೇ ಮಾರಲು ಹೋದ. ಕಾರು ಅದ್ಭುತವಾಗಿಯೇ ಇತ್ತು. ಆದರೆ ಆದದ್ದು ಬೆರಳೆಣಿಕೆಯಷ್ಟು.

ಡೆವಿನ್‌ನ ಅಂದವಾದ ಬಾಡಿ ಎಲ್ಲಿಂದ ಬಂತು ಗೊತ್ತಾ? ಇಟಲಿಯ ಎರ್ಮಿನಿ ಎಂಬ ಪುಟ್ಟ ರೇಸ್ ಕಾರು. ಅದರ ಅಲ್ಯೂಮಿನಿಯಂ ಬಾಡಿಯನ್ನು ಮೊಡೆನಾದ ಸ್ಕಾಲಿಯೆಟ್ಟಿ ತಟ್ಟಿದ್ದ. ಆ ಕಾರಿನ ಮೇಲೆ ಮೇಣ ಸವರಿ, ಅದನ್ನೇ ಪ್ಲಗ್ ಮಾಡಿಕೊಂಡು ಡೆವಿನ್ ಅಚ್ಚು ತೆಗೆದ. ವಾರಗಟ್ಟಲೆ ಉಜ್ಜುವ ಕೆಲಸವೇ ಇಲ್ಲ. ಅಲೈಡ್ ಎಂಬ ಇನ್ನೊಂದು ಕಂಪನಿ ಇಟಲಿಯ ಸಿಸಿಟಾಲಿಯಾ 202 ಕಾರಿಗೆ ಇದನ್ನೇ ಮಾಡಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕಲಾಕೃತಿಯೆಂದು ಪ್ರದರ್ಶನಕ್ಕಿಟ್ಟಿದ್ದ ಮಾದರಿ ಅದು. ಕ್ಯಾಲಿಫೋರ್ನಿಯಾದಲ್ಲಿ ಅದರ ಚರ್ಮ ಫೈಬರ್‌ಗ್ಲಾಸಿನಲ್ಲಿ ಸಿಗುತ್ತಿತ್ತು.

ಅಚ್ಚಿನ ಗುಣವೇ ಹಾಗೆ. ಯಾರ ಕಾರಿನ ಮೇಲೆ ಬೇಕಾದರೂ ಅಚ್ಚು ತೆಗೆಯಬಹುದು. ಮಾಡಿದವನಿಗೆ ಒಂದು ವರ್ಷ ಹಿಡಿದ ಆಕಾರ, ಕದ್ದವನಿಗೆ ಒಂದೆರಡು ವಾರ. ಇದರ ಪೆಟ್ಟು ಜೋರಾಗಿ ತಿಂದವನು ಬ್ರೂಸ್ ಮೇಯರ್ಸ್. ಇವನೂ ಕ್ಯಾಲಿಫೋರ್ನಿಯಾದ ದೋಣಿ ಕಸುಬಿನವನೇ. 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಇಟ್ಟುಕೊಂಡು ಮರಳ ದಿಬ್ಬದ ಮೇಲೆ ಓಡಿಸುವ ಬಾಗಿಲಿಲ್ಲದ ಪುಟ್ಟ ಕಾರು ಮಾಡಿದ, ಮೇಯರ್ಸ್ ಮ್ಯಾಂಕ್ಸ್. ಬೀಟಲ್‌ನ ತಳವನ್ನು ಕತ್ತರಿಸಿ ಗಿಡ್ಡ ಮಾಡಿ, ಮೇಲೆ ಬಾಡಿ ಬೋಲ್ಟು ಮಾಡಿದರೆ ಆಯಿತು. ಬಾಗಿಲಿಲ್ಲ ಅಂದಮೇಲೆ ಹಿಂಜಿನ ತಲೆನೋವಿಲ್ಲ. ಮೇಲ್ಛಾವಣಿ ಇಲ್ಲ ಅಂದಮೇಲೆ ಸೋರುವ ಚಿಂತೆಯಿಲ್ಲ. ಎಂಜಿನ್ ಹಿಂದೆ, ಗಾಳಿಯಿಂದ ತಣ್ಣಗಾಗುವಂಥದ್ದು, ಹಾಗಾಗಿ ರೇಡಿಯೇಟರೂ ಇಲ್ಲ. ಹಿಂದಿನವರನ್ನು ಕಾಡಿದ ಕಷ್ಟಗಳನ್ನೆಲ್ಲ ಅವನು ಕಾರಿನಿಂದಲೇ ಕಿತ್ತುಹಾಕಿದ್ದ. 1967ರಲ್ಲಿ ಮೆಕ್ಸಿಕೋದ ಮರುಭೂಮಿಯಲ್ಲಿ ಟಿಹುವಾನಾ ಮತ್ತು ಲಾ ಪಾಸ್ ನಡುವಿನ ದಾರಿಯನ್ನು 34 ಗಂಟೆ 45 ನಿಮಿಷದಲ್ಲಿ ಓಡಿಸಿ ದಾಖಲೆ ಮಾಡಿದ. ಊರೆಲ್ಲ ಅವನ ಕಾರಿನ ಮಾತು. ಅದರ ಹಿಂದೆಯೇ ನಕಲುಗಳು ಬಂದವು. ಅವನು ಕೋರ್ಟಿಗೆ ಹೋದ. ಇದಕ್ಕೆ ಪೇಟೆಂಟ್ ನಿಲ್ಲುವುದಿಲ್ಲ ಅಂತ ಕೋರ್ಟು ಹೇಳಿತು. ಅವನು ಮಾರಿದ್ದು ಆರು ಸಾವಿರದ ಆಸುಪಾಸು. ನಕಲುಗಳು ಅದರ ಹತ್ತಾರು ಪಟ್ಟು.

ಮತ್ತೆ ಟ್ರಿಟ್ ಕಡೆ ಬರೋಣ. ಅವನ ಬಾಡಿಗೆ ರೆಸಿನ್ ಕೊಡುತ್ತಿದ್ದದ್ದು ಯುಎಸ್ ರಬ್ಬರ್ ಕಂಪನಿಯ ನಾಗಟಕ್ ಕೆಮಿಕಲ್ ವಿಭಾಗ. ರೆಸಿನ್ ಮಾರುವವರಿಗೆ ಒಬ್ಬ ದೋಣಿಗಾರನಿಗಿಂತ ಕಾರು ಕಂಪನಿಗಳ ಊರಾದ ಡೆಟ್ರಾಯಿಟ್ ದೊಡ್ಡ ಗಿರಾಕಿ ಅಲ್ವಾ? ಅವರು ಗ್ಲಾಸ್‌ಪಾರ್‌ನಿಂದ ಒಂದು ಕಾರು ಕೊಂಡು, ಅದಕ್ಕೆ ಅಲೆಂಬಿಕ್ ಅಂತ ಹೆಸರಿಟ್ಟು, 1952ರಲ್ಲಿ ದೊಡ್ಡ ಕಾರು ಕಂಪನಿಗಳಿಗೆ ತೋರಿಸಿದರು. ಜನರಲ್ ಮೋಟರ್ಸಿನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ನೋಡಿದವರಲ್ಲಿ ಒಬ್ಬ. ಅವನ ತಲೆಯಲ್ಲಿ ಆಗಲೇ ಒಂದು ಸ್ಪೋರ್ಟ್ಸ್ ಕಾರು ಓಡುತ್ತಿತ್ತು. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಶೆವರ್ಲೆ ಕಾರ್ವೆಟ್ ಪ್ರದರ್ಶನಕ್ಕೆ ನಿಂತಿತು. ಜೂನ್ 30ರಂದು ಮಿಶಿಗನ್ನಿನ ಫ್ಲಿಂಟ್‌ನಲ್ಲಿ ತಯಾರಿಕೆ ಶುರು. ಆ ವರ್ಷ 300 ಕಾರು, ಎಲ್ಲವೂ ಬಿಳಿ, ಬೆಲೆ 3,498 ಡಾಲರ್. ಟ್ರಿಟ್ ಇಲ್ಲದಿದ್ದರೆ ಕಾರ್ವೆಟ್ ಇರುತ್ತಿರಲಿಲ್ಲ ಅಂತ ಕೆಲವರು ವಾದಿಸುತ್ತಾರೆ. ನನಗೆ ಅದು ಅತಿಯಾಯಿತು ಅನ್ನಿಸುತ್ತದೆ. ಕಾರು ಹೇಗೂ ಬರುತ್ತಿತ್ತು. ಆದರೆ ಡೈ ಮಾಡಿಸುವಷ್ಟು ಪುರುಸೊತ್ತಿಲ್ಲದಾಗ ಫೈಬರ್‌ಗ್ಲಾಸಿನಲ್ಲೇ ಮಾಡಬಹುದು ಅನ್ನುವ ಧೈರ್ಯಕ್ಕೆ ಓಡಾಡುವ ಒಂದು ಉದಾಹರಣೆ ಕಣ್ಣೆದುರು ಇತ್ತು.

ದೊಡ್ಡ ಕಂಪನಿಗೂ ಅದೇ ಕಷ್ಟಗಳು ಬಂದವು. ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ, ಮಳೆ ನೀರು ಒಳಗೆ ಬರುತ್ತಿತ್ತು. ಒಂದು ಲಾಭವೂ ಆಯಿತು. ಫೈಬರ್‌ಗ್ಲಾಸಿನಲ್ಲಿ ರೇಡಿಯೋ ಅಲೆ ದಾಟುತ್ತದಲ್ಲ, ಹಾಗಾಗಿ ಆಂಟೆನಾದ ಜಾಲರಿಯನ್ನು ಡಿಕ್ಕಿ ಮುಚ್ಚಳದ ಒಳಗೇ ಹುದುಗಿಸಿಟ್ಟರು. ಹೊರಗೆ ಕಡ್ಡಿ ಬೇಕಿರಲಿಲ್ಲ. ಆದರೆ ಅದೇ ಕಾರಣಕ್ಕೆ ಎಂಜಿನ್ನಿನ ಸ್ಪಾರ್ಕ್ ಸದ್ದೂ ರೇಡಿಯೋಗೆ ನುಗ್ಗುತ್ತಿತ್ತು, ಅದಕ್ಕೆ ಬೇರೆ ಲೋಹದ ಕವಚ ಹಾಕಬೇಕಾಯಿತು. 1954ರ ಕೈಸರ್ ಡ್ಯಾರಿನ್ ಎಂಬ ಇನ್ನೊಂದು ಕಾರಿಗೆ ಬಾಡಿ ಮಾಡಿಕೊಟ್ಟಿದ್ದು ಗ್ಲಾಸ್‌ಪಾರ್. ಅದರ ಬಾಗಿಲು ಮುಂದಿನ ಮಡ್‌ಗಾರ್ಡಿನೊಳಗೆ ಜಾರಿ ಸೇರಿಕೊಳ್ಳುತ್ತಿತ್ತು. 435 ಕಾರಾಗುವಷ್ಟರಲ್ಲಿ ನಿಂತಿತು. ಟ್ರಿಟ್‌ನ ಕಂಪನಿ ಹೊಟ್ಟೆ ತುಂಬಿಸಿಕೊಂಡಿದ್ದು ಕೊನೆಗೂ ದೋಣಿಯಲ್ಲೇ.

ಇಂಗ್ಲೆಂಡಿನಲ್ಲಿ ಇದೇ ಹುಚ್ಚಿಗೆ ಕಾರಣ ಬೇರೆ. ಅಲ್ಲಿ ಹೊಸ ಕಾರಿನ ಮೇಲೆ ಭಾರಿ ಪರ್ಚೇಸ್ ಟ್ಯಾಕ್ಸ್ ಇತ್ತು. ಬಿಡಿಭಾಗ ಕೊಂಡು ನೀವೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಹೆಸರಾಗಿದ್ದು ಹೀಗೆಯೇ. ಜೋಡಿಸುವ ವಿಧಾನ ಬರೆದು ಕೊಡುವಂತಿಲ್ಲ ಅನ್ನುವ ನಿಯಮಕ್ಕೆ, ಬಿಚ್ಚುವ ವಿಧಾನ ಬರೆದು ಕೊಟ್ಟು ಹಿಂದಿನಿಂದ ಓದಿಕೊಳ್ಳಿ ಅಂದರಂತೆ. ನಿಜವೋ ಹರಟೆಯೋ, ಕತೆ ಮಜವಾಗಿದೆ.

ಅಲ್ಲಿಯ ಬಡ ಉತ್ಸಾಹಿಗಳಿಗೆ ಸಿಗುತ್ತಿದ್ದದ್ದು ಹಳೆ ಆಸ್ಟಿನ್ 7 ಅಥವಾ ಫೋರ್ಡ್ 10. ಫೋರ್ಡಿನದು 1172 ಸಿಸಿ ಎಂಜಿನ್, ಮೂರೇ ಗೇರು, ಮುಂದೆ ಹಿಂದೆ ಅಡ್ಡಡ್ಡ ಎತ್ತಿನಗಾಡಿಯಂಥ ಪಟ್ಟಾ ಸ್ಪ್ರಿಂಗು. ಅದರ ಮೇಲೆ ಆಶ್ಲಿ, ಫಾಲ್ಕನ್, ರಾಚ್‌ಡೇಲ್ ಕಂಪನಿಗಳ ಚಂದದ ಬಾಡಿ. ಹೊರಗೆ ಥಳುಕು, ಒಳಗೆ ಹುಳುಕು. ಕೂತು ಓಡಿಸುವವನಿಗೆ ಮಾತ್ರ ಅದು ಫೆರಾರಿ. 1958ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್, 1959ರಲ್ಲಿ ಮಿನಿ ಬಂದಮೇಲೆ ಕಡಿಮೆ ದುಡ್ಡಿಗೇ ನಿಜವಾಗಿ ಓಡುವ ಕಾರು ಸಿಗತೊಡಗಿತು. 1973ರಲ್ಲಿ ವ್ಯಾಟ್ ಬಂದು ತೆರಿಗೆಯ ಸಂದೂ ಮುಚ್ಚಿತು.

ಈ ಆಶ್ಲಿಯ ದಾರಿ ಹಿಡಿದರೆ ನಮ್ಮ ಬೆಂಗಳೂರಿಗೇ ಬರಬಹುದು. 1960ರಲ್ಲಿ ಲಂಡನ್ನಿನ ರೇಸಿಂಗ್ ಕಾರ್ ಪ್ರದರ್ಶನಕ್ಕೆ ಇಸ್ರೇಲಿನ ಹೈಫಾದ ಆಟೋಕಾರ್ಸ್ ಕಂಪನಿಯ ಶುಬಿನ್ಸ್ಕಿ ಹೋಗಿದ್ದ. ಅಲ್ಲಿ ಒಂದು ಮಳಿಗೆಯಲ್ಲಿ ಆಶ್ಲಿ ಬಾಡಿ ಕಂಡ, ಇನ್ನೊಂದರಲ್ಲಿ ಲೆಸ್ಲಿ ಬಲ್ಲಮಿಯ ಚಾಸಿ ಕಂಡ. ಎರಡರ ಹಕ್ಕನ್ನೂ ಕೊಂಡು, ಸೇರಿಸಿ ಕಾರು ಮಾಡಿಕೊಡಿ ಅಂತ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿಗೆ ಕೊಟ್ಟ. ಅಲ್ಲಿಯವರೆಗೆ ಮೂರು ಚಕ್ರದ ವಾಹನ ಮಾಡುತ್ತಿದ್ದ ರಿಲಯಂಟ್, ಮನೆಯಲ್ಲಿ ಕಾರು ಕಟ್ಟುವವರಿಗೆಂದು ಹುಟ್ಟಿದ ಆ ಬಾಡಿಯಿಂದ ಸ್ಪೋರ್ಟ್ಸ್ ಕಾರಿನ ವ್ಯವಹಾರಕ್ಕೆ ಇಳಿಯಿತು. ಇಸ್ರೇಲಿನಲ್ಲಿ ಅದು ಸಾಬ್ರಾ, ಇಂಗ್ಲೆಂಡಿನಲ್ಲಿ ಸೇಬರ್. ಅದೇ ರಿಲಯಂಟ್ 1975ರಲ್ಲಿ ಕಿಟನ್ ಎಂಬ 848 ಸಿಸಿಯ ಪುಟ್ಟ ಫೈಬರ್‌ಗ್ಲಾಸ್ ಕಾರು ತಂದಿತು. ಅದನ್ನೇ 1982ರ ಹೊತ್ತಿಗೆ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಹೆಸರಿನಲ್ಲಿ ಮಾಡಿತು. ಅದಕ್ಕೂ ಮುಂಚೆ ಅದೇ ಬಳಗ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿತ್ತು.

ಡಾಲ್ಫಿನ್ ಹಗುರ, ಹಾಗಾಗಿ ರೇಸು ರ‍್ಯಾಲಿಗಳಲ್ಲಿ ಚುರುಕಾಗಿ ಓಡುತ್ತಿತ್ತು. ಆದರೆ ಅಂಬಾಸಿಡರ್ ತಗಡಿಗೆ ಗುದ್ದಿ ನೋಡಿ ‘ಗಟ್ಟಿ’ ಅನ್ನುತ್ತಿದ್ದ ಜನಕ್ಕೆ ಪ್ಲಾಸ್ಟಿಕ್ ಕಾರು ಅಂದರೆ ಅನುಮಾನ. 1983ರ ಕೊನೆಗೆ ಮಾರುತಿ 800 ಬಂತು. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ.

ಇವತ್ತು ಅಮೆರಿಕದಲ್ಲಿ ಈ ಹಳೆ ಬಾಡಿಗಳನ್ನು ಹುಡುಕಿಕೊಂಡು ಹೋಗುವವರ ಒಂದು ಬಳಗವೇ ಇದೆ. ಪೊದೆಯ ನಡುವೆ, ಕೊಟ್ಟಿಗೆಯ ಹಿಂದೆ ಒಂದು ಚಿಪ್ಪು ಸಿಗುತ್ತದೆ. ಎಪ್ಪತ್ತು ವರ್ಷ ಬಿಸಿಲು ಮಳೆ ತಿಂದರೂ ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ. ಕೆಳಗಿನ ಚಾಸಿ ಮಾತ್ರ ಕೈಯಿಟ್ಟರೆ ಉದುರುತ್ತದೆ. ಕಾಗದಪತ್ರ ಕೇಳಿದರೆ ಅದರಲ್ಲಿರುವುದು ಆ ಚಾಸಿಯ ನಂಬರು, ಹಳೇ ಫೋರ್ಡ್ ಅಂತ. ಯಾರ ಬಾಡಿ, ಯಾವ ಅಚ್ಚು ಅಂತ ಎಲ್ಲೂ ಬರೆದಿಲ್ಲ. ಆಗ ಅವರು ಟೇಪು ತೆಗೆಯುತ್ತಾರೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಅಳೆದು, ಮೂತಿಯ ಅಗಲ ಅಳೆದು, 1953ರ ಪತ್ರಿಕೆಗಳ ಜಾಹೀರಾತು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಆಮೇಲೆ ಮಂಡಿಯೂರಿ, ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿ, ಎರಡು ಅಚ್ಚು ಸೇರಿದ್ದ ಗೆರೆ ಎಲ್ಲಿದೆ ಅಂತ ಹುಡುಕುತ್ತಾರೆ.